ಬೂಷ್ಟು ಸಾರ್ ಉಂಡ ಮುದ್ದೆ

ಕಡಲೆಕಾಯಿಯನ್ನು ಹಾಗೆ ತಿನ್ನುವ ಮನುಷ್ಯನನ್ನು ನಾನು ಬೇರೆಲ್ಲೂ ಕಂಡಿಲ್ಲ. ಮೊದಲು ಸಿಪ್ಪೆ ಒಡೆಯುವುದು. ಬೀಜವನ್ನು ಅಂಗೈ ಮೇಲಿಟ್ಟು ಹೆಬ್ಬೆರಳಲ್ಲಿ ಉಜ್ಜಿ ಕೆಂಪು ಹೊಟ್ಟನ್ನು ಊದುವುದು. ಆಮೇಲೆ ಬೀಜವನ್ನು ಸರಿಯಾಗಿ ನಡುವೆ ಸೀಳಿ, ಎರಡೂ ಬೇಳೆಯನ್ನು ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಆ ಪುಟ್ಟ ಹಳ್ಳದೊಳಗೆ ಇಣುಕುವುದು. ಚಿನ್ನದಂಗಡಿಯವನು ಕೂಡ ವಜ್ರವನ್ನು ಅಷ್ಟು ಅನುಮಾನದಿಂದ ನೋಡುವುದಿಲ್ಲ. ಎಲ್ಲ ಸರಿಯಿದೆ ಎಂದು ಖಾತ್ರಿಯಾದರೆ ಒಂದು ಬೇಳೆ ಬಾಯಿಗೆ. ಇನ್ನೊಂದನ್ನು ಮತ್ತೊಮ್ಮೆ ನೋಡಿ ಅದೂ ಬಾಯಿಗೆ. ನಾವೆಲ್ಲ ಒಂದೊಂದು ಪೊಟ್ಟಣ ಮುಗಿಸಿ ಕೈ ಒರೆಸಿಕೊಳ್ಳುವ ಹೊತ್ತಿಗೆ ರಾಮಚಂದ್ರಪ್ಪ ಸಾರ್ ಇನ್ನೂ ಎರಡನೆಯ ಕಾಯಿಯ ವಿಚಾರಣೆ ನಡೆಸುತ್ತಿದ್ದರು.

ಇದನ್ನು ನಾನು ಮಾಡಿ ತೋರಿಸಿದರೆ ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಹೋದ ಆಷಾಢದಲ್ಲಿ ಸಾರ್ ತೀರಿಕೊಂಡರು. ಎದೆನೋವು, ಬೇರೇನಲ್ಲ, ನಾನು ಅವರ ಮನೆಯವರನ್ನು ಕೇಳಿಯೇ ತಿಳಿದುಕೊಂಡೆ. ಈಗಲೂ ಟೀ ಅಂಗಡಿಯಲ್ಲಿ ಯಾರಾದರೂ, "ಲೇ, ಬೂಷ್ಟು ಸಾರ್ ಮಾಡ್ಲಾ ಒಂದ್ಸಲ" ಅನ್ನುತ್ತಾರೆ. ಗಂಟಲು ಸರಿಯಿಲ್ಲ ಎಂದು ತಪ್ಪಿಸಿಕೊಳ್ಳುತ್ತೇನೆ. ಕಡಲೆಕಾಯಿ ಸೀಳುವುದಕ್ಕೆ ಗಂಟಲು ಯಾಕೆ ಎಂದು ಇಲ್ಲಿಯವರೆಗೆ ಯಾರೂ ಕೇಳಿಲ್ಲ.

ನಾನು ಹೊಸೂರಿನಾಚೆ, ತಮಿಳುನಾಡಿನ ರಾಯಕೋಟೆಯವನು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಸ್ಕೂಲಿನಲ್ಲಿ ತಮಿಳು. ಹೀಗಾಗಿ ಮೂರು ಭಾಷೆಯಲ್ಲೂ ಬೈಸಿಕೊಂಡು ಬೆಳೆದವನು. ಯಾರು ಬೈದರೂ ಅವರ ಬೈಗುಳವನ್ನು ಅವರದೇ ಧ್ವನಿಯಲ್ಲಿ ವಾಪಸು ಕೊಡುವುದೊಂದು ನನಗೆ ಚೆನ್ನಾಗಿ ಬರುತ್ತಿತ್ತು. ಹೆಡ್‌ಮಾಸ್ಟರ ಕೆಮ್ಮು, ಕೃಷ್ಣಗಿರಿ ಬಸ್ಸಿನ ಕಂಡಕ್ಟರನ ಸೀಟಿ, ನಮ್ಮಪ್ಪ ಕೋಪ ಬಂದಾಗ ಮಾತು ಶುರು ಮಾಡುವ ಮುಂಚೆ ಮೂಗಲ್ಲಿ ಎಳೆಯುವ ಉಸಿರು, ಎಲ್ಲವೂ ನನ್ನಲ್ಲಿ ಸ್ಟಾಕ್ ಇದ್ದವು. ನನ್ನದೇ ಅಂತ ಒಂದು ಧ್ವನಿ ಇದೆಯಾ ಎಂದು ನಮ್ಮ ಅಕ್ಕ ಕೇಳುತ್ತಿದ್ದಳು. ಹುಡುಕುತ್ತಿದ್ದೇನೆ, ಸಿಕ್ಕಿದರೆ ಹೇಳುತ್ತೇನೆ ಅನ್ನುತ್ತಿದ್ದೆ. ಬಿ.ಎಸ್ಸಿ. ಕೆಮಿಸ್ಟ್ರಿಯನ್ನು ಹೇಗೋ ದಾಟಿ ಸೂಳಗಿರಿಯ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿಕೊಂಡೆ.

ಲ್ಯಾಬು ಅಂದರೆ ದೊಡ್ಡದೇನೋ ಎಂದು ತಿಳಿಯಬೇಡಿ. ಹೈವೇ ಪಕ್ಕದಲ್ಲಿ, ಒಂದು ಗೋದಾಮಿನ ಬೆನ್ನಿಗೆ ಅಂಟಿಕೊಂಡ ಎರಡು ಕೋಣೆ. ಹೊರದೇಶಕ್ಕೆ ಹೋಗುವ ರಾಗಿ, ಜೋಳ, ಮೆಕ್ಕೆಜೋಳ ಹಡಗು ಹತ್ತುವ ಮೊದಲು ನಮ್ಮಲ್ಲಿಗೆ ಬಂದು, ತನ್ನಲ್ಲಿ ಬೂಷ್ಟಿನ ವಿಷ ಇಲ್ಲವೆಂದು ಸಾಬೀತು ಮಾಡಿಕೊಂಡು ಹೋಗಬೇಕು. ತೇವ ಇರುವ ಕಾಳಿಗೆ ಬೂಷ್ಟು ಹಿಡಿಯುತ್ತದೆ. ಆಮೇಲೆ ಕಾಳನ್ನು ಒಣಗಿಸಿದರೆ, ತೂರಿದರೆ ಬೂಷ್ಟು ಉದುರಿಹೋಗುತ್ತದೆ; ಆದರೆ ಅದು ಕಾರಿಟ್ಟ ವಿಷ ಕಾಳಿನಲ್ಲೇ ಉಳಿಯುತ್ತದೆ. ಅದಕ್ಕೆ ವಾಸನೆಯಿಲ್ಲ, ರುಚಿಯಿಲ್ಲ, ಬೇಯಿಸಿದರೆ ಹೋಗುವುದಿಲ್ಲ. ತಿಂದವರು ಅವತ್ತು ಬಿದ್ದು ಒದ್ದಾಡುವುದೂ ಇಲ್ಲ. ವಿಷ ಸುಮ್ಮನೆ ಲಿವರಿನಲ್ಲಿ ಹೋಗಿ ಕೂತು ವರ್ಷಗಟ್ಟಲೆ ಕಾಯುತ್ತದೆ. ಇಂಥ ಕಳ್ಳನನ್ನು ಹಿಡಿಯುವುದೇ ರಾಮಚಂದ್ರಪ್ಪ ಸಾರ್ ಕೆಲಸ. ಲಾರಿ ಡ್ರೈವರುಗಳಿಂದ ಹಿಡಿದು ಹಮಾಲಿಗಳವರೆಗೆ ಎಲ್ಲರೂ ಅವರನ್ನು ಬೂಷ್ಟು ಸಾರ್ ಎಂದೇ ಕರೆಯುತ್ತಿದ್ದರು. ಹಿಂದಿನಿಂದ ಮಾತ್ರ, ಎದುರಿಗೆ ಬರೀ ಸಾರ್.

ನಾನು ಸೇರಿದ ಹೊಸದರಲ್ಲಿ ಒಂದು ಮಧ್ಯಾಹ್ನ ಹಮಾಲಿಗಳ ನಡುವೆ ನಿಂತು ಕಡಲೆಕಾಯಿ ಸೀಳುವ ಆಟ ಆಡುತ್ತಿದ್ದೆ. ನಗುತ್ತಿದ್ದವರು ಒಬ್ಬೊಬ್ಬರಾಗಿ ನಗು ನಿಲ್ಲಿಸಿದರು. ತಿರುಗಿ ನೋಡಿದರೆ ಸಾರ್. ಕೆಲಸ ಹೋಯಿತು ಅಂದುಕೊಂಡೆ. ಅವರು ಹತ್ತಿರ ಬಂದು ನನ್ನ ಕೈ ನೋಡಿದರು.

"ಎಡಗೈಲಿ ಯಾಕ್ಲಾ ಹಿಡ್ದಿದ್ದೀಯ? ನಾನು ಬಲಗೈಲಿ ಹಿಡಿಯಾದು. ನೋಡ್ದ್ಯಾ?"

ನಾನು ಇಲ್ಲ ಎಂದು ತಲೆ ಅಲ್ಲಾಡಿಸಿದೆ.

"ನೋಡ್ದೆ ಆಡ್ಬ್ಯಾಡ. ಆಡಾದಿದ್ರೆ ನೆಟ್ಟಗೆ ನೋಡಿ ಆಡು," ಎಂದು ಹೇಳಿ ಒಳಗೆ ಹೋದರು. ಅವತ್ತಿನಿಂದ ನನ್ನ ಹೆಸರು ಗಿಣಿ ಆಯಿತು.

ಆ "ನೋಡ್ದ್ಯಾ?" ಅವರ ಬಾಯಿಗೆ ಅಂಟಿಕೊಂಡಿತ್ತು. ಮಳೆ ಬರ್ತಿದೆ ಸಾರ್ ಎಂದರೆ, ನೋಡ್ದ್ಯಾ? ಊಟದ ಹೊತ್ತಾಯ್ತು ಸಾರ್ ಎಂದರೆ, ಗಡಿಯಾರ ನೋಡ್ದ್ಯಾ? ಅಕ್ಕನ ಮದುವೆ ಗೊತ್ತಾಯ್ತು, ಹುಡುಗ ಒಳ್ಳೆಯವನು ಎಂದಾಗಲೂ ಅದೇ ಪ್ರಶ್ನೆ. ನೋಡಿಲ್ಲ ಸಾರ್, ಫೋಟೋ ನೋಡಿದೀನಿ ಎಂದೆ. "ಫೋಟೋ ಬರೀ ಮೇಲ್ಗಡೆ ಮೂಟೆ ಕಣ್ಲಾ," ಅಂದರು.

ಮೂಟೆಯ ವಿಷಯದಲ್ಲಿ ಅವರಿಗೆ ಮೇಲುಗಡೆ ಎಂಬುದರ ಮೇಲೆ ನಂಬಿಕೆಯೇ ಇರಲಿಲ್ಲ. ಗೋದಾಮಿನಲ್ಲಿ ಪೇರಿಸಿಟ್ಟ ಮೂಟೆಗಳ ಮೇಲಿನ ಸಾಲಿಗೊಂದು, ನಡುವಿಗೊಂದು, ತಳಕ್ಕೊಂದು ಎಂದು ಕುತ್ತೂಸಿ ಚುಚ್ಚಿಸುತ್ತಿದ್ದರು. ಕುತ್ತೂಸಿ ಎಂದರೆ ತುದಿ ಚೂಪಾದ ಟೊಳ್ಳು ಕಬ್ಬಿಣ. ಗೋಣಿಯೊಳಗೆ ತೂರಿಸಿದರೆ ಒಂದು ಹಿಡಿ ಕಾಳು ಹೊರಗೆ ಜಾರುತ್ತದೆ. ಹಾಗೆ ಬಂದದ್ದನ್ನೆಲ್ಲ ಸುರಿದು, ಕಲೆಸಿ, ಗುಡ್ಡೆ ಮಾಡಿ, ಹಲಗೆಯಿಂದ ನಾಲ್ಕು ಪಾಲು ಮಾಡುವುದು. ಎದುರುಬದುರಿನ ಎರಡು ಪಾಲು ಇಟ್ಟುಕೊಂಡು ಉಳಿದೆರಡನ್ನು ಪಕ್ಕಕ್ಕೆ ತಳ್ಳುವುದು. ಇಟ್ಟುಕೊಂಡದ್ದನ್ನು ಮತ್ತೆ ಕಲೆಸಿ ಮತ್ತೆ ನಾಲ್ಕು ಪಾಲು. ಹೀಗೆ ಒಂದು ಲಾರಿ ಕಾಳು ಕೊನೆಗೆ ಒಂದು ಬಟ್ಟಲಿಗೆ ಇಳಿಯುತ್ತಿತ್ತು.

ಈ ನಾಲ್ಕು ಪಾಲಿನ ಅಭ್ಯಾಸ ಅವರ ಕೈಯಲ್ಲಿ ಎಷ್ಟು ಬೇರು ಬಿಟ್ಟಿತ್ತೆಂದರೆ, ತಟ್ಟೆಗೆ ಏನೇ ಬಿದ್ದರೂ ಕೈ ತಾನಾಗಿ ಓಡುತ್ತಿತ್ತು. ಆಯುಧಪೂಜೆಯ ಕಡಲೆಪುರಿ ಕೊಟ್ಟರೆ ಪೇಪರಿನ ಮೇಲೆ ಗುಡ್ಡೆ ಮಾಡಿ ನಾಲ್ಕು ಪಾಲು. ಅಕ್ಕನ ಮದುವೆಯಲ್ಲಿ ಕೇಸರಿಬಾತಿಗೂ ಅದೇ ಗತಿ. ಎರಡು ಪಾಲು ಬೆರಳಲ್ಲಿ ಪಕ್ಕಕ್ಕೆ ಸರಿಸಿದರು. ಬಡಿಸಲು ನಿಂತ ನಮ್ಮ ಚಿಕ್ಕಪ್ಪ, ಯಾಕೆ ಸಾರ್ ಚೆನ್ನಾಗಿಲ್ವಾ ಎಂದು ಗಾಬರಿಯಾದರು. ಮಿಕ್ಕ ಎರಡು ಪಾಲನ್ನೂ ತಿನ್ನಲಿಲ್ಲ ಅನ್ನುವುದು ಬೇರೆ ಮಾತು. ಹೊಟ್ಟೆ ಸರಿಯಿಲ್ಲ ಅಂದರು.

ಅದು ಅವರ ಇನ್ನೊಂದು ಖಾಯಂ ಮಾತು. ಪರರ ಮನೆಯಲ್ಲಿ ಅವರು ಉಣ್ಣುತ್ತಿರಲಿಲ್ಲ. ಜಾತಿಯ ಕಾರಣಕ್ಕಲ್ಲ, ಜಂಭಕ್ಕೂ ಅಲ್ಲ. ಯಾವ ಹಿಟ್ಟು, ಯಾವ ಗೋಣಿ, ಎಷ್ಟು ದಿನ ಎಲ್ಲಿತ್ತು ಎಂದು ತಲೆಯೊಳಗೆ ಕುತ್ತೂಸಿ ಆಡಲು ಶುರುವಾಗುತ್ತಿತ್ತು. ನಮ್ಮಮ್ಮ ಹುರಿದ ಕಡಲೆಬೀಜದ ಚಟ್ನಿ ಕಳಿಸಿದರೆ, ನಮಸ್ಕಾರ ಹೇಳಿ ಡಬ್ಬಿಯನ್ನು ಮುಚ್ಚಳ ತೆಗೆಯದೆ ವಾಪಸು ಕಳಿಸುತ್ತಿದ್ದರು. ಯಾಕೆ ಸಾರ್ ಹೀಗೆ ಎಂದು ಒಂದು ಸಲ ಕೇಳಿದೆ. "ಚಪ್ಪಲಿ ಹೊಲಿಯೋನು ಎಲ್ಲಾರ ಕಾಲೂ ನೋಡ್ತಾನಲ್ಲ, ಹಂಗೆ ಕಣ್ಲಾ. ಬುಡು ಅಂದ್ರೆ ಬುಡಲ್ಲ," ಅಂದರು.

ಕೈಗೆ ಬಂದ ಫಲಿತಾಂಶವನ್ನು ಬರೆದು ಕೊಟ್ಟರೆ ನಮ್ಮ ಕೆಲಸ ಮುಗಿಯಿತು. ಸಾರ್‌ಗೆ ಮಾತ್ರ ಅಲ್ಲಿ ಮುಗಿಯುತ್ತಿರಲಿಲ್ಲ. ಫೇಲಾದ ಲಾರಿ ಹೊರಡುವಾಗ ಗೇಟಿನವರೆಗೆ ಹೋಗಿ ನಿಲ್ಲುತ್ತಿದ್ದರು. ಹೈವೇಗೆ ಏರಿದ ಲಾರಿ ಹೊಸೂರಿನ ಕಡೆ ತಿರುಗುತ್ತದೋ, ಕೃಷ್ಣಗಿರಿಯ ಕಡೆಯೋ ಎಂದು ಅದು ಮರೆಯಾಗುವವರೆಗೆ ನೋಡುತ್ತಿದ್ದರು. ರಫ್ತಿನ ಕಂಪನಿಯ ಮ್ಯಾನೇಜರ್ ಸೆಲ್ವಂ ಆ ಸಮಯದಲ್ಲಿ ಅವರ ಪಕ್ಕ ನಿಂತು ಗೊಣಗುವುದು ವಾಡಿಕೆ. ಸೆಲ್ವಂ ಕನ್ನಡವನ್ನು ತಮಿಳಿನ ಎಣ್ಣೆಯಲ್ಲಿ ಕರಿದು ಮಾತಾಡುತ್ತಿದ್ದ. ನನ್ನ ಅಚ್ಚುಮೆಚ್ಚಿನ ಪಾತ್ರ.

"ಇನ್ನೊಂದ್ ತಡವೆ ನೋಡುಂಗ ಸಾರ್. ನೀವು ಫೇಲ್ ಮಾಡಿದ್ರೆ ಅದು ಏನು ಸಮುದ್ರಕ್ಕಾ ಹೋಗತ್ತೆ? ಇಲ್ಲೇದಾನೇ ಯಾರೋ ತಿಂತಾರೆ."

ಸಾರ್ ಅವನ ಕಡೆ ತಿರುಗುತ್ತಿರಲಿಲ್ಲ. "ಅದುಕ್ಕೇ ಕಣಪ್ಪ ನಿಂತು ನೋಡ್ತಿರಾದು," ಅನ್ನುತ್ತಿದ್ದರು.

ಈಗ ಸಂಪಂಗಮ್ಮನ ವಿಷಯಕ್ಕೆ ಬರಬೇಕು. ಬರದೆ ಇರೋಣ ಎಂದು ಇಷ್ಟು ಹೊತ್ತು ತಮಾಷೆ ಮಾಡಿದೆ.

ಸಾನಮಾವು ಕಾಡಿನ ಅಂಚಿನಲ್ಲಿ ಒಂದು ಊರು. ಹೆಸರು ಬರೆದರೆ ಸಂಪಂಗಮ್ಮ ನನ್ನ ಕಿವಿ ಹಿಂಡುತ್ತಾರೆ, ಅದಕ್ಕೆ ಬರೆಯುವುದಿಲ್ಲ. ರಾಗಿ ಅಲ್ಲಿಯ ಜೀವ. ತೆನೆ ಬಲಿಯುವ ಹೊತ್ತಿಗೆ ಕಾಡಿನಿಂದ ಆನೆಗಳು, ಊರವರ ಬಾಯಲ್ಲಿ ಗಣಪ್ಪ, ಇಳಿಯುತ್ತವೆ. ಅವೂ ನಮ್ಮ ಕಡೆಯ ಆನೆಗಳೇ, ರಾಗಿ ಅಂದರೆ ಪ್ರಾಣ. ಊರಿನ ಹೆಂಗಸರ ಸಂಘಕ್ಕೆ ಸಂಪಂಗಮ್ಮ ಮುಖ್ಯಸ್ಥೆ. ಅವರೆಲ್ಲ ಸೇರಿ ಒಂದು ಆಸೆ ಇಟ್ಟುಕೊಂಡಿದ್ದರು: ರಾಗಿಯನ್ನು ಹೊರದೇಶಕ್ಕೆ ಮಾರಿ, ಬಂದ ಲಾಭದಲ್ಲಿ ಕಾಡಿನ ಬದಿಗೆ ಸೋಲಾರ್ ಬೇಲಿ ಹಾಕಿಸುವುದು. ಹೊರದೇಶದ ಕಂಪನಿಯೊಂದು ಮಕ್ಕಳಿಗೆ ಕುಡಿಸುವ ಹಿಟ್ಟಿಗೆ ರಾಗಿ ಹುಡುಕುತ್ತಿದೆ ಎಂದು ಅವರಿಗೆ ತಿಳಿಸಿದವರು, ಸೆಲ್ವಂನ ಕಂಪನಿಯ ಮೂಲಕ ಗಂಟು ಹಾಕಿಸಿದವರು ರಾಮಚಂದ್ರಪ್ಪ ಸಾರ್. ರಜೆಯ ದಿನ ನನ್ನ ಬೈಕಿನ ಹಿಂದೆ ಕೂತು ಆ ಊರಿಗೆ ಹೋಗಿ, ತೆನೆ ಎಷ್ಟು ಒಣಗಬೇಕು, ಕಾಳನ್ನು ನೆಲದ ಮೇಲೆ ಯಾಕೆ ಸುರಿಯಬಾರದು ಎಂದು ಪಾಠ ಹೇಳಿ ಬರುತ್ತಿದ್ದರು.

ಸಂಪಂಗಮ್ಮನಿಗೆ ಅವರ ಮೇಲೆ ಅಣ್ಣನ ಮೇಲಿನಷ್ಟು ಸಲಿಗೆ. ಮೊದಲ ದಿನವೇ ರಾಗಿಗೆ ಬೂಷ್ಟು ಎಂಬ ಮಾತು ಕೇಳಿ ಸೊಂಟದ ಮೇಲೆ ಕೈಯಿಟ್ಟು ನಿಂತರು.

"ರಾಗಿಗೆ ಬೂಷ್ಟಾ? ನೆಲದೊಳ್ಗಿನ್ ಹಗೇವಿನಾಗೆ ಹಾಕಿ ಮರೆತೇ ಹೋಗಿದ್ರೂ ರಾಗಿ ಕೆಡಲ್ಲ ಅಣ್ಣಯ್ಯ. ನಮ್ಮತ್ತೆ ಕಾಲದ್ ರಾಗಿ ಉಂಡು ನಾನು ಹಿಂಗಿವ್ನಿ ನೋಡು."

"ಒಣಗಿದ್ ರಾಗಿ ಅಂದ್ರೆ ನಾನೂ ಒಪ್ತೀನಿ ಕಣಮ್ಮ. ಹಸೀದಾದ್ರೆ ರಾಗಿನೂ ಒಂದೇಯ, ಜೋಳಾನೂ ಒಂದೇಯ," ಅಂದರು ಸಾರ್.

ಆಮೇಲೆ ಒಳಗಿಂದ ಮುದ್ದೆಯ ಪರಿಮಳ ಬಂತು. ಸಾರ್ ಹೊಟ್ಟೆ ಮುಟ್ಟಿಕೊಂಡರು. ನನಗೆ ಎರಡು ಮುದ್ದೆ ಬಿತ್ತು. ಪ್ರತಿ ಸಲವೂ ಹೀಗೇ. "ನಮ್ಮನೆ ನೀರಾದ್ರೂ ಕುಡೀತೀಯಾ ಅಣ್ಣಯ್ಯ, ಇಲ್ಲಾ ಅದ್ನೂ ನಾಕು ಪಾಲು ಮಾಡ್ಬೇಕಾ?" ಎಂದು ಸಂಪಂಗಮ್ಮ ಛೇಡಿಸುತ್ತಿದ್ದರು. ನಾನು ಸಾರ್ ನೀರನ್ನು ನಾಲ್ಕು ಪಾಲು ಮಾಡುವ ಅಭಿನಯ ತೋರಿಸುತ್ತಿದ್ದೆ. ಸಾರ್ ಅದಕ್ಕೂ ತಿದ್ದುಪಡಿ ಹೇಳುತ್ತಿದ್ದರು.

ಕಟಾವಿಗೆ ಮುಂಚೆ ಅವರು ಹೇಳಿದ ಕೊನೆಯ ಮಾತು ನನಗೆ ಚೆನ್ನಾಗಿ ನೆನಪಿದೆ. ಮನೆಮನೆಯ ರಾಗಿಯನ್ನು ಬೇರೆಬೇರೆ ಪರೀಕ್ಷೆ ಮಾಡುವುದೆಂದರೆ ಖರ್ಚೂ ಜಾಸ್ತಿ, ಕೊಳ್ಳುವವರಿಗೂ ಒಂದೇ ಹದದ ಸರಕು ಬೇಕು. ಅದಕ್ಕೆ, "ಎಲ್ಲಾರ್ದೂ ಸೇರ್ಸಿ ಒಂದೇ ರಾಶಿ ಮಾಡ್ಬುಡಿ," ಅಂದರು. ಹೆಂಗಸರಿಗೆ ಅದು ಬಹಳ ಹಿಡಿಸಿತು. ಯಾರ ರಾಗಿ ಮೇಲು, ಯಾರದು ಕೀಳು ಎಂಬ ಮಾತೇ ಇಲ್ಲ. ಒಂದು ಕಣ, ಒಂದು ರಾಶಿ, ಒಂದು ಪೂಜೆ.

ಆ ವರ್ಷ ಆನೆಗಳು ಬೇಗ ಬಂದವು. ಕಾಡಿಗೆ ತಾಗಿಕೊಂಡ ಹೊಲದವರು ಕಾಯಲಾರದೆ ತೆನೆ ಇನ್ನೂ ಹಸಿಯಾಗಿರುವಾಗಲೇ ಕೊಯ್ದರು. ಕೊಯ್ದದ್ದನ್ನು ಹೊಲದಲ್ಲಿ ಬಿಟ್ಟರೆ ಒಣಗುತ್ತದೆ, ಆದರೆ ಆನೆಗೂ ಸಿಗುತ್ತದೆ. ಮನೆಯೊಳಗೆ ಇಟ್ಟರೂ ವಾಸನೆ ಹಿಡಿದು ಬಂದು ಗೋಡೆ ಕೆಡವುತ್ತವೆ. ಹಾಗಾಗಿ ಒಳಮನೆಯಲ್ಲಿ ಒಟ್ಟಿ, ವಾಸನೆ ಹೊರಗೆ ಹೋಗದಂತೆ ಪ್ಲಾಸ್ಟಿಕ್ ಟಾರ್ಪಾಲು ಬಿಗಿದು ಮುಚ್ಚಿದರು. ಆನೆಗಳು ಕಾಡಿಗೆ ವಾಪಸಾದ ಮೇಲೆ ತೆರೆದು, ಒಣಗಿಸಿ, ಬಡಿದು, ತೂರಿ, ಎಲ್ಲರ ರಾಶಿಗೆ ಸುರಿದರು. ನೋಡುವುದಕ್ಕೆ ಆ ರಾಗಿಗೂ ಬೇರೆಯವರ ರಾಗಿಗೂ ಏನೂ ವ್ಯತ್ಯಾಸವಿರಲಿಲ್ಲ. ಇದನ್ನು ಅವರು ಮುಚ್ಚಿಟ್ಟರು ಎನ್ನಲಾಗದು. ಹೇಳಬೇಕಾದ ವಿಷಯ ಎಂದೇ ಅವರಿಗೆ ಹೊಳೆದಿರಲಿಲ್ಲ. ನಾವೂ ಕೇಳಲಿಲ್ಲ. ಆಗ ಗೋದಾಮಿನ ತುಂಬ ಮೆಕ್ಕೆಜೋಳ ಬಂದು ಕೂತಿತ್ತು, ಸಾರ್‌ಗೆ ಊರ ಕಡೆ ತಲೆ ಹಾಕಲು ಬಿಡುವಾಗಲಿಲ್ಲ.

ಟೆಂಪೋದಲ್ಲಿ ಮೂಟೆಗಳ ಮೇಲೆ ಕೂತು ಹೆಂಗಸರು ಮದುವೆ ದಿಬ್ಬಣದ ಹಾಗೆ ಬಂದಿಳಿದರು. ತಲೆಗೆ ಹೂವು. ಸಂಪಂಗಮ್ಮ ನನಗೂ ಒಂದು ತುಂಡು ಕೊಟ್ಟು, ಕಿವಿಗೆ ಸಿಕ್ಕಿಸ್ಕೋ ಗಿಣಿ ಅಂದರು. ಸಿಕ್ಕಿಸಿಕೊಂಡೇ ಕುತ್ತೂಸಿ ಚುಚ್ಚಿದೆ. ಗುಡ್ಡೆ, ನಾಲ್ಕು ಪಾಲು, ಮತ್ತೆ ಗುಡ್ಡೆ. ಪುಡಿ ಮಾಡಿ ಮೆಷಿನ್ನಿಗೆ ಕೊಟ್ಟೆವು. ಫೇಲು.

ಸಾರ್ ನನ್ನನ್ನು ಪಕ್ಕಕ್ಕೆ ಸರಿಸಿ, ಎತ್ತಿಟ್ಟಿದ್ದ ಇನ್ನೊಂದು ಪಾಲನ್ನು ತಾವೇ ಪರೀಕ್ಷೆ ಮಾಡಿದರು. ನಾನು ಏನಾದರೂ ಎಡವಟ್ಟು ಮಾಡಿರಲಿ ಎಂದು ಅವರು ಬಯಸಿದ್ದು ಅದೊಂದೇ ಸಲ. ಫಲಿತಾಂಶ ಬದಲಾಗಲಿಲ್ಲ. ಹೊರಗೆ ಬಂದು ಹೆಂಗಸರನ್ನು ಒಂದೊಂದೇ ಪ್ರಶ್ನೆ ಕೇಳಿದರು. ಕೊಯ್ದದ್ದು ಯಾವಾಗ, ಒಣಗಿಸಿದ್ದು ಎಲ್ಲಿ, ಆನೆ ಬಂದಿತ್ತಾ. ಆನೆ ಎಂದ ಕೂಡಲೇ ಎಲ್ಲವೂ ಹೊರಗೆ ಬಂತು.

"ಗಣಪ್ಪ ಹೊಕ್ಕಿದ್ ಹೊಲದವ್ರನ್ನ ಬುಟ್ಟು ರಾಶಿ ಮಾಡಕ್ಕಾಯ್ತದಾ ಅಣ್ಣಯ್ಯ?" ಅಂದರು ಸಂಪಂಗಮ್ಮ. "ಬೇಲಿ ಬೇಕಾಗಿರಾದೇ ಅವ್ರಿಗೆ. ಒಂದೇ ರಾಶಿ ಮಾಡಿ ಅಂತ ನೀನೇ ಅಂದಿದ್ದಲ್ವಾ?"

ಸಾರ್ ಕನ್ನಡಕ ತೆಗೆದು ಒರೆಸಿದರು. ಹಾಕಿಕೊಂಡರು. ಮತ್ತೆ ತೆಗೆದು ಒರೆಸಿದರು. ನಾಲ್ಕೈದು ಮನೆಯ ಹಸಿ ರಾಗಿ ಊರಿನ ಒಣ ರಾಗಿಯಲ್ಲಿ ಕಲೆತುಹೋಗಿತ್ತು. ಇನ್ನು ಯಾವ ಜರಡಿಯೂ ಅದನ್ನು ಬೇರೆ ಮಾಡಲಾರದು.

ಸೆಲ್ವಂ ಆಮೇಲೆ ಒಳಗೆ ಬಂದು ತಗ್ಗಿದ ದನಿಯಲ್ಲಿ ಹೇಳಿದ: ಬೇರೆ ಕಡೆಯ ಒಳ್ಳೆಯ ರಾಗಿಯಿಂದ ಒಂದು ಬಟ್ಟಲು ಪರೀಕ್ಷೆಗೆ ತೆಗೆದುಕೊಂಡರೆ ಯಾರಿಗೂ ತಿಳಿಯುವುದಿಲ್ಲ, ಪಾಪದ ಹೆಂಗಸರು, ಪುಣ್ಯ ಬರುತ್ತದೆ. ಲಾಭವನ್ನು ಬಿಟ್ಟು ಪುಣ್ಯದ ಮಾತನ್ನು ಸೆಲ್ವಂ ಆಡಿದ್ದು ನಾನು ಕೇಳಿದ್ದು ಅದೇ ಮೊದಲು, ಹಾಗಾಗಿ ಅವನನ್ನು ಆಡಿಕೊಳ್ಳಲು ಮನಸ್ಸು ಬರಲಿಲ್ಲ. ಸಾರ್ ಆಗುವುದಿಲ್ಲ ಎಂದು ತಲೆ ಅಲ್ಲಾಡಿಸಿ ಫೇಲು ಎಂದೇ ಬರೆದು ಕೊಟ್ಟರು. ಟೆಂಪೋ ಹೊರಟಾಗ ಗೇಟಿಗೆ ಹೋಗಲಿಲ್ಲ. ಅದು ಎತ್ತ ತಿರುಗುತ್ತದೆ ಎಂದು ಗೊತ್ತಿತ್ತು.

ಎರಡು ದಿನ ಕಳೆದು, "ನಡೀಲಾ ಗಿಣಿ," ಎಂದು ಬೈಕ್ ಹತ್ತಿದರು. ಸಂಪಂಗಮ್ಮನ ಮನೆ ಮುಂದಿನ ಹೊಂಗೆ ಮರದ ಕೆಳಗೆ ಸಂಘದವರು ಸೇರಿದರು. ಸಾರ್ ನಿಂತುಕೊಂಡೇ ಹೇಳಿದರು: ಈ ರಾಶಿಯನ್ನು ನೀವೂ ಉಣ್ಣಬೇಡಿ, ಸಂತೆಗೂ ಹಾಕಬೇಡಿ, ಮಕ್ಕಳಿಗಂತೂ ಬೇಡವೇ ಬೇಡ. ದನಕ್ಕೆ ಹಾಕಬಹುದಾ ಎಂದು ಯಾರೋ ಕೇಳಿದರು. ಅದೂ ಬೇಡ, ಹಾಲಿನಲ್ಲಿ ಬರುತ್ತದೆ ಅಂದರು. ಹಾಗಾದರೆ ಏನು ಮಾಡುವುದು ಎಂದು ಕೇಳಿದರು.

"ಗುಂಡಿ ತೋಡಿ ಮಣ್ಣಿಗೆ ಹಾಕ್ಬೇಕಾಯ್ತದೆ."

ಒಬ್ಬ ಮುದುಕಿ ಬಾಯಿಗೆ ಸೆರಗು ಮುಚ್ಚಿಕೊಂಡಳು. ಅವರ ಪೈಕಿ ಯಾರೂ ನೆಲಕ್ಕೆ ಬಿದ್ದ ರಾಗಿಯನ್ನು ಕಣ್ಣಿಗೊತ್ತಿಕೊಳ್ಳದೆ ದಾಟಿದವರಲ್ಲ. ಸಂಪಂಗಮ್ಮ ಎದ್ದು ಒಳಗೆ ಹೋದರು. ಬರುವಾಗ ಕೈಯಲ್ಲಿ ತಟ್ಟೆ. ಹಬೆಯಾಡುವ ಮುದ್ದೆ, ಪಕ್ಕದಲ್ಲಿ ಹುರುಳಿಕಾಳಿನ ಬಸ್ಸಾರು. ಜಗಲಿಯ ಮೇಲೆ ಇಟ್ಟು, ಚೊಂಬಲ್ಲಿ ನೀರು ಇಟ್ಟರು.

"ಅದೇ ರಾಶೀದು ಅಣ್ಣಯ್ಯ. ಬೆಳಗ್ಗೆ ನನ್ ಮೊಮ್ಮಗಳು ಉಂಡವ್ಳೆ."

ಸಾರ್ ತಟ್ಟೆ ನೋಡಿದರು.

"ಸೊಸೈಟಿ ಅಕ್ಕಿ ಅದೆ, ನಾವೇನ್ ಉಪಾಸ ಬೀಳಲ್ಲ. ಮಣ್ಣಿಗೆ ಹಾಕು ಅಂತೀಯ, ಹಾಕ್ತೀವೇನೋ. ಆದ್ರೆ ಇಷ್ಟು ದಿನ ಬಂದು ಹೋದೆ, ಒಂದ್ ತುತ್ತು ಉಂಡಿಲ್ಲ ನಮ್ಮನೇಲಿ. ಇವತ್ತೂ ಉಣ್ದೆ ಎದ್ದೋದ್ರೆ, ವಿಸ ಇರಾದು ರಾಗಿನಾಗಲ್ಲ, ನಮ್ ಕೈನಾಗೇ ಅಂತ ತಿಳ್ಕಂತೀವಿ."

ಹೊಟ್ಟೆ ಸರಿಯಿಲ್ಲ ಎಂಬ ಮಾತಿಗಾಗಿ ನಾನು ಕಾದೆ. ಅದನ್ನು ಅವರು ಹೇಳುವ ಮುಂಚೆ ನನ್ನ ತುಟಿಯೇ ಅಲುಗಿರಬೇಕು, ಅಷ್ಟು ಅಭ್ಯಾಸವಾಗಿತ್ತು. ಅವರು ಹೇಳಲಿಲ್ಲ. ಚಪ್ಪಲಿ ಬಿಟ್ಟು, ಕೈ ತೊಳೆದು, ಜಗಲಿ ಹತ್ತಿ ಚಕ್ಕಳಮಕ್ಕಳ ಹಾಕಿ ಕೂತರು. ಬೆರಳು ತಾನಾಗಿ ಮುದ್ದೆಯನ್ನು ನಾಲ್ಕು ಪಾಲು ಮಾಡಿತು. ಹಿಂದೆ ನಿಂತ ಹುಡುಗಿಯೊಬ್ಬಳು ಕಿಸಕ್ಕನೆ ನಕ್ಕಳು. ಒಂದು ಪಾಲನ್ನು ಮುರಿದು, ಸಾರಿನಲ್ಲಿ ಅದ್ದಿ ನುಂಗಿದರು. ಆಮೇಲೆ ಅದರ ಎದುರಿನದು. ಇನ್ನು ನಿಲ್ಲಿಸುತ್ತಾರೆ, ಉಳಿದೆರಡನ್ನು ಪಕ್ಕಕ್ಕೆ ತಳ್ಳುತ್ತಾರೆ ಅಂದುಕೊಂಡೆ. ತಳ್ಳಲಿಲ್ಲ. ನಾಲ್ಕನ್ನೂ ಉಂಡರು. ತಟ್ಟೆಗೆ ಅಂಟಿದ್ದನ್ನೂ ಬೆರಳಲ್ಲಿ ಬಳಿದುಕೊಂಡರು. ಸಂಪಂಗಮ್ಮ ಕಣ್ಣೊರೆಸಿಕೊಂಡು ಇನ್ನೊಂದು ಮುದ್ದೆ ತರಲೇ ಅಂದರು.

ವಾಪಸು ಬರುವಾಗ ಬೈಕ್ ನಿಧಾನ ಮಾಡಿ ಕೇಳಿದೆ, ಯಾಕ್ ಸಾರ್ ಉಂಡ್ರಿ?

"ಅವಮ್ಮ ನೋಡ್ತಿದ್ಲಲ್ಲಾ," ಅಂದರು.

ಮುಂದಿನ ವಾರ ನಾವು ಹೋಗುವಷ್ಟರಲ್ಲಿ ಗುಂಡಿ ತೋಡಿರಲಿಲ್ಲ. ರಾಶಿಯೂ ಕಣದಲ್ಲಿರಲಿಲ್ಲ. ಎಲ್ಲ ಮನೆಗೂ ಸಮಪಾಲಾಗಿ ಹಂಚಿಹೋಗಿತ್ತು. ಬೂಷ್ಟು ಸಾರೇ ತಟ್ಟೆ ಬಳಿದು ಉಂಡರಂತೆ, ಇನ್ನೇನು ವಿಷ ಎಂಬ ಮಾತು ಊರಿನ ಬಾಯಲ್ಲಿತ್ತು. ಯಾವ ಲ್ಯಾಬಿನ ಸರ್ಟಿಫಿಕೇಟನ್ನೂ ಯಾವ ಊರೂ ಅಷ್ಟು ನಂಬಿರಲಾರದು. ಒಣಗಿಸಿ ಎಚ್ಚರವಾಗಿ ಇಟ್ಟಿದ್ದವರ ಮನೆಗೂ ಈಗ ಕಲೆತ ರಾಗಿಯೇ ಹೋಗಿತ್ತು. ಸಾರ್ ಸಂಪಂಗಮ್ಮನ ಜಗಲಿಯ ಮೇಲೆ ಕೂತು, ನಾನು ಅವತ್ತು ಉಂಡದ್ದು ತಪ್ಪಾಯ್ತು ಅಂದರು.

"ನಮ್ಮನೇಲಿ ಉಂಡಿದ್ದು ತಪ್ಪಾ?" ಸಂಪಂಗಮ್ಮನ ಮುಖ ಬಾಡಿತು.

"ಅದಲ್ಲ ಕಣಮ್ಮ."

"ಮತ್ತೆ? ಉಂಡ್ಯಲ್ಲ, ಏನಾಯ್ತು ನಿಂಗೆ? ಗುಂಡ್ಕಲ್ಲಂಗಿದ್ದೀಯ."

ಒಂದು ಮುದ್ದೆಗೆ ಏನೂ ಆಗುವುದಿಲ್ಲ, ಒಂದು ವರ್ಷ ಊರೆಲ್ಲ ಉಂಡರೆ ಆಗಬಹುದು, ಆದರೂ ಅದು ಇವತ್ತು ಕಾಣುವುದಿಲ್ಲ. ಇಷ್ಟನ್ನೂ ಸಾರ್ ಹಿಂದೆ ಅದೇ ಜಗಲಿಯ ಮೇಲೆ ಎಷ್ಟೋ ಸಲ ಹೇಳಿದ್ದರು. ಮತ್ತೆ ಹೇಳಿದರು. ಎಲ್ಲರೂ ಮರ್ಯಾದೆಯಿಂದ ಕೇಳಿದರು. ಒಳಗಿನಿಂದ ಮುದ್ದೆಯ ಪರಿಮಳ ಬರುತ್ತಲೇ ಇತ್ತು. ಆ ಮನೆಯ ಪುಟ್ಟ ಹುಡುಗಿ ಬಾಗಿಲಲ್ಲಿ ನಿಂತು ಕೈ ನೆಕ್ಕುತ್ತಿದ್ದಳು. ಸಾರ್ ಅವಳನ್ನೇ ನೋಡುತ್ತ ಕೂತಿದ್ದರು.

ಆಮೇಲೆ ಅವರಲ್ಲಿ ಒಂದೊಂದೇ ಕಡಿಮೆಯಾಗುತ್ತ ಬಂತು. ಫೇಲಾದ ಲಾರಿ ಹೊರಟರೆ ಗೇಟಿಗೆ ಹೋಗುವುದನ್ನು ಬಿಟ್ಟರು. ನೋಡ್ದ್ಯಾ ಎಂದು ಕೇಳುವುದನ್ನು ಬಿಟ್ಟರು. ಬೇಕೆಂತಲೇ ನಾನು ಹುಚ್ಚು ಹುಚ್ಚು ಸುದ್ದಿ ತರುತ್ತಿದ್ದೆ, ಹೈವೇಯಲ್ಲಿ ಒಂಟೆ ಹೋಗ್ತಿದೆ ಸಾರ್ ಎಂದೆಲ್ಲ. ಹೌದಾ, ಅನ್ನುತ್ತಿದ್ದರು. ಸಂಘದವರು ಮತ್ತೆ ನಮ್ಮ ಲ್ಯಾಬಿಗೆ ಬರಲಿಲ್ಲ, ಬೇಲಿಯೂ ಬರಲಿಲ್ಲ, ಆನೆಗಳು ಮಾತ್ರ ತಪ್ಪದೆ ಬಂದು ಹೋದವು. ಸಾರ್ ತಾವು ಆ ಕಡೆ ಹೋಗುತ್ತಿರಲಿಲ್ಲ. ನಾನು ಹೋಗಿ ಬಂದೆ ಎಂದು ತಿಳಿದರೆ ಕೆಲಸ ಬಿಟ್ಟು ಹತ್ತಿರ ಬರುತ್ತಿದ್ದರು.

"ಮಕ್ಕಳು ಹೆಂಗವ್ಲಾ?"

ಚೆನ್ನಾಗಿದ್ದಾರೆ ಸಾರ್, ಆನೆ ಓಡಿಸೋ ಆಟ ಆಡ್ತಾವೆ, ಅನ್ನುತ್ತಿದ್ದೆ.

"ಈಗ ಚೆನ್ನಾಗೇ ಇರ್ತವೆ," ಎಂದು ಹೇಳಿ ವಾಪಸು ಹೋಗಿ ಕೂರುತ್ತಿದ್ದರು.

ನಾವು ಸಾಮಾನ್ಯವಾಗಿ ಕೆಟ್ಟದ್ದು ಆದಾಗ ಪಶ್ಚಾತ್ತಾಪ ಪಡುತ್ತೇವೆ. ಏನೂ ಆಗದೆಯೂ ಹೀಗೆ ಸುಡುವುದನ್ನು ನಾನು ಅವರಲ್ಲೇ ನೋಡಿದ್ದು. ಏನಾದರೂ ಆದರೆ ತಪ್ಪು ತಿಳಿಯುತ್ತದೆ, ಎಂದಿಗೂ ಏನೂ ಆಗದಿದ್ದರೆ ಹಗುರಾಗಬಹುದು. ಎರಡೂ ತಿಳಿಯುವಷ್ಟು ಕಾಲ ತಾವು ಇರುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಅವಧಿಗೆ ಮುಂಚೆಯೇ ಕೆಲಸ ಬಿಟ್ಟು, ಕೃಷ್ಣಗಿರಿಯಲ್ಲಿ ಮಗಳ ಮನೆಗೆ ಹೋದರು. ಬೀಳ್ಕೊಡುಗೆಯ ದಿನ ಸೆಲ್ವಂ ಕೇಕ್ ತಂದಿದ್ದ. ಕೊಟ್ಟ ತುಂಡನ್ನು ಸಾರ್ ಹಾಗೆಯೇ ಬಾಯಿಗೆ ಹಾಕಿಕೊಂಡರು. ನಾಲ್ಕು ಪಾಲಾಗುತ್ತದೆಂದು ಕಾಯುತ್ತಿದ್ದ ಹಮಾಲಿಗಳು ನನ್ನ ಮುಖ ನೋಡಿದರು. ನಾನು ಗೋಡೆ ನೋಡಿದೆ.

ಕೊನೆಯ ಸಲ ಅವರನ್ನು ಕಂಡದ್ದು ರಾಯಕೋಟೆ ಬಸ್ ಸ್ಟಾಂಡಿನಲ್ಲಿ. ಯಾರದೋ ಗೃಹಪ್ರವೇಶಕ್ಕೆ ಬಂದು ಕೃಷ್ಣಗಿರಿ ಬಸ್ಸಿಗೆ ಕಾಯುತ್ತಿದ್ದರು. ಬಿಳಿ ಅಂಗಿ, ಕೈಯಲ್ಲಿ ತಾಂಬೂಲದ ಚೀಲ. ಮೈ ಸ್ವಲ್ಪ ಇಳಿದಿತ್ತು. ನನ್ನನ್ನು ಕಂಡು ಸಂತೋಷಪಟ್ಟು, ಗಾಡಿಯವನಿಂದ ಹುರಿದ ಕಡಲೆಕಾಯಿಯ ಒಂದು ಪೊಟ್ಟಣ ತೆಗೆದುಕೊಂಡು ಅರ್ಧವನ್ನು ನನ್ನ ಬೊಗಸೆಗೆ ಸುರಿದರು. ಆ ಊರಿನ ಮಕ್ಕಳ ವಿಷಯ ಕೇಳಿದರು. ಹೇಳಿದೆ. ಸಿಪ್ಪೆ ಒಡೆದು ಬೀಜವನ್ನು ಸೀಳದೆ, ನೋಡದೆ, ಬಸ್ಸು ಬರುವ ದಾರಿಯ ಕಡೆ ಕಣ್ಣು ನೆಟ್ಟು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಎಲ್ಲರೂ ಹಾಗೆಯೇ ತಿನ್ನುವುದು. ನನಗೆ ಮಾತ್ರ ಅದನ್ನು ನೋಡಲಾಗಲಿಲ್ಲ.

ಬಸ್ಸು ಬಂತು. ಹತ್ತಿ ಕಿಟಕಿಯ ಪಕ್ಕ ಕೂತರು. ನಾನು ಕೆಳಗೆ ನಿಂತು, ಅವರನ್ನು ನಗಿಸೋಣ ಎಂದು ಹಳೆಯ ಆಟ ಶುರು ಮಾಡಿದೆ. ಸಿಪ್ಪೆ ಒಡೆದೆ, ಉಜ್ಜಿದೆ, ಊದಿದೆ, ಸೀಳಿದೆ. ಬೇಕೆಂತಲೇ ಎಡಗೈಯಲ್ಲಿ ಹಿಡಿದೆ. ತಪ್ಪು ತೋರಿಸಲಿ, ಯಾಕ್ಲಾ ಎಡಗೈ ಅನ್ನಲಿ ಎಂದು. ಅವರು ಕಿಟಕಿಯ ಸರಳಿಗೆ ಕೆನ್ನೆ ಆನಿಸಿ ಸಣ್ಣಗೆ ನಕ್ಕರು, ಅಷ್ಟೇ. ಇನ್ನೊಂದು ಸೀಳಿ, ಒಂದು ಕಣ್ಣು ಮುಚ್ಚಿ, ಅವರ ಹಾಗೆಯೇ ಕತ್ತು ಓರೆ ಮಾಡಿ ಇಣುಕಿದೆ.

ಎರಡು ಬೇಳೆಗಳ ನಡುವಿನ ಹಳ್ಳದಲ್ಲಿ ಬೂದು ಹಸಿರಿನ ನವಿರಾದ ಬೂಷ್ಟು ಇತ್ತು.

ಬಸ್ಸು ಹೊರಟಿತ್ತು. ಬೇಳೆಯನ್ನು ಎತ್ತಿ ಹಿಡಿದು, ಸಾರ್, ನೋಡಿ, ತಿನ್ಬೇಡಿ, ಇದನ್ನ ನೋಡಿ ಎಂದು ಕೂಗುತ್ತ ಪಕ್ಕದಲ್ಲೇ ಓಡಿದೆ. ಅದು ನನ್ನದೇ ಧ್ವನಿ. ಸಾರ್ ಅದನ್ನೂ ಆಟವೇ ಅಂದುಕೊಂಡರು. ಬಹಳ ದಿನಗಳ ಮೇಲೆ ಬಾಯಿ ತುಂಬ ನಕ್ಕು, ಭೇಷ್ ಎಂಬಂತೆ ನನ್ನ ಕಡೆ ಕೈ ಆಡಿಸಿ, ಪೊಟ್ಟಣದಿಂದ ಇನ್ನೊಂದು ಕಾಯಿ ತೆಗೆದು ಒಡೆದು ಬಾಯಿಗೆ ಹಾಕಿಕೊಂಡರು.